ಪಿಸ್ಟನ್‌ಗೆ ಹಚ್ಚಿದ ವಿಭೂತಿ

ನನ್ನನ್ನು ನೋಡಲು ಬಂದ ಬೀಗರು ನಮ್ಮ ಮನೆಯ ಉಪ್ಪಿಟ್ಟು ತಿನ್ನುವ ಮೊದಲೇ ನಮ್ಮ ಟ್ರಾಕ್ಟರಿನ ಹೊಗೆ ತಿಂದಿದ್ದರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನ್ಯಾಮತಿ ಕಡೆಯ ಆ ಹಿರಿಯರು ಬಸವಾಪಟ್ಟಣದಲ್ಲಿ ಬಸ್ಸಿಳಿದಾಗ, ಅಪ್ಪ ದೊಡ್ಡಸ್ತಿಕೆ ತೋರಿಸಲು ಅವರನ್ನು ಟ್ರೇಲರಿನಲ್ಲಿ ಕೂರಿಸಿಕೊಂಡು ಊರಾಚೆಯ ನಮ್ಮ ಮನೆಗೆ ಕರೆತಂದ. ಹತ್ತುವಾಗ ಬಿಳಿ ಪಂಚೆ, ಬಿಳಿ ಅಂಗಿ. ಅಂಗಳದಲ್ಲಿ ಇಳಿಯುವಾಗ ಎಲ್ಲರೂ ಬೂದು ಬಣ್ಣ. ಹುಡುಗನ ಸೋದರಮಾವ ಮೂಗೊರೆಸಿಕೊಂಡು, ಕರ್ಚೀಫನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಹೆಣ್ಣು ಕೊಡಾಕೆ ಮುಂಚೇನೇ ಬೀಗರಿಗೆ ಮಸಿ ಬಳಿದ್ರಲ್ರೀ!"

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಆದರೆ ಅವನ ಕಿವಿ ಕೆಂಪಾದದ್ದು ಬಾಗಿಲ ಸಂದಿಯಿಂದ ಇಣುಕುತ್ತಿದ್ದ ನನಗೆ ಕಂಡಿತು. ನನಗೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹುಡುಗ ಹೇಗಿದ್ದಾನೆಂದು ನೋಡುವುದೇ ಮರೆತುಹೋಯಿತು.

ಆ ಟ್ರಾಕ್ಟರನ್ನು ಅಪ್ಪ ಜಗಳೂರು ಕಡೆಯ ಸೊಕ್ಕೆಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದ. ಅಲ್ಲಿನ ಒಣಹೊಲದ ಧೂಳು ಕುಡಿದೂ ಕುಡಿದೂ ಎಂಜಿನ್ ಒಳಗೇ ಸವೆದುಹೋಗಿತ್ತು. ಡೀಸೆಲ್ ಜೊತೆಗೆ ಆಯಿಲನ್ನೂ ಸುಟ್ಟು ನೀಲಿ ಹೊಗೆ ಕಾರುತ್ತಿತ್ತು. ಅದು ಬೀದಿಗೆ ಬಂತೆಂದರೆ ಹೆಂಗಸರು ಒಣಹಾಕಿದ ಬಟ್ಟೆ ಎಳೆದುಕೊಂಡು ಒಳಗೆ ಓಡುತ್ತಿದ್ದರು. ಅಪ್ಪ ಮಾತ್ರ ಅದನ್ನು ಎತ್ತಿನ ಮೈ ಸವರಿದಂತೆ ಸವರುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು.

ಅಷ್ಟಾದರೂ ಸಂಬಂಧ ಕುದುರಿತು. ಮದುವೆ ಗಂಡಿನ ಮನೆಯಲ್ಲಿ. ಅಪ್ಪ ಹಟ ಹಿಡಿದ: ದಿಬ್ಬಣ ಇದೇ ಟ್ರಾಕ್ಟರಿನಲ್ಲಿ ಹೋಗಬೇಕು, ಆ ಸೋದರಮಾವನ ಎದುರಿಗೆ ಒಂದೆಳೆ ಹೊಗೆಯಿಲ್ಲದೆ ಹೋಗಿ ನಿಲ್ಲಬೇಕು. ಮದುವೆಯ ಸೀರೆಗಿಂತ ಮೊದಲು ಎಂಜಿನ್ನಿನ ಸಾಮಾನು ಮನೆಗೆ ಬಂತು.

ಎಂಜಿನ್ ಬಿಚ್ಚಲು ಚನ್ನಗಿರಿಯಿಂದ ಒಬ್ಬ ಮೇಸ್ತ್ರಿಯನ್ನು ಕರೆಸಿದರು. ಮುಸ್ಲಿಮರು, ಕೆಲಸದಲ್ಲಿ ಗಟ್ಟಿಗರು, ಬಾಯಿಯಲ್ಲಿ ಇನ್ನೂ ಗಟ್ಟಿಗರು. ತಮ್ಮ ಕೆಲಸವನ್ನು ಹೊಗಳಲು ಬೇರೆಯವರಿಗೆ ಅವಕಾಶವನ್ನೇ ಕೊಡುತ್ತಿರಲಿಲ್ಲ. "ನಾ ಕಟ್ಟಿದ ಎಂಜಿನ್ನಿನ ಸೈಲೆನ್ಸರ್ ಬಾಯಿಗೆ ಬಿಳೀ ಬಟ್ಟೆ ಹಿಡೀರಿ. ಆಮೇಲೆ ಅದನ್ನೇ ಮಡಿಸಿ ಜೇಬಲ್ಲಿ ಇಟ್ಕಳ್ರಿ" ಅನ್ನುತ್ತಿದ್ದರು.

ಅಂಗಳದಲ್ಲೇ ಎಂಜಿನ್ ಬಿಚ್ಚಿದರು. ಪಿಸ್ಟನ್ ಓಡಾಡುವ ಲೈನರ್‌ಗಳು ಎಷ್ಟು ಸವೆದಿದ್ದವೆಂದರೆ, ಉಗುರು ಎಳೆದರೆ ಮೇಲಿನ ಅಂಚಿಗೆ ಸಿಕ್ಕಿಕೊಳ್ಳುತ್ತಿತ್ತು. ಹೊಸ ಲೈನರ್, ಹೊಸ ಪಿಸ್ಟನ್, ಪಿಸ್ಟನ್ ಸುತ್ತ ಕೂರುವ ಹೊಸ ರಿಂಗು. ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಅವ್ವನ ಹಳೇ ಸೀರೆಯಲ್ಲಿ ಒರೆಸಿ ಇಡುವರು. ಅವ್ವ ಕಸಪೊರಕೆ ಹಿಡಿದರೆ ಸಾಕು, ಮೇಸ್ತ್ರಿ ಕೂಗುತ್ತಿದ್ದರು: "ಧೂಳು ಎಬ್ಬಿಸಬ್ಯಾಡ್ರೀ ಅವ್ವಾರೆ! ಒಂದು ಚಿಟಿಕೆ ಧೂಳು ಒಳಗೆ ಹೋದ್ರೆ ನನ್ನ ಕೆಲಸ ಎಲ್ಲಾ ಹೊಳ್ಯಾಗ ಹುಣಸೇಹಣ್ಣು ತೊಳ್ದಂಗೆ!"

ಎಂಜಿನ್ ಮುಚ್ಚುವ ದಿನವೇ ನನ್ನ ಅರಿಶಿಣದ ಶಾಸ್ತ್ರ. ಅಂಗಳದ ಒಂದು ಮಗ್ಗುಲಿಗೆ ಹಂದರದ ಕೆಳಗೆ ನಾನು. ಇನ್ನೊಂದು ಮಗ್ಗುಲಿಗೆ ಗೋಣಿತಾಟಿನ ಮೇಲೆ, ಎಣ್ಣೆ ಸವರಿಸಿಕೊಂಡು ಪಿಸ್ಟನ್‌ಗಳು. ನನಗಿಂತ ಅವೇ ಲಕ್ಷಣವಾಗಿ ಹೊಳೆಯುತ್ತಿದ್ದವು. ಅಪ್ಪ ಸ್ನಾನ ಮಾಡಿ, ಪೂಜೆ ಮುಗಿಸಿ, ಒದ್ದೆ ಮೈಯಲ್ಲೇ ವಿಭೂತಿ ಗಟ್ಟಿ ಹಿಡಿದು ಬಂದ. ಹೊಸ ನೇಗಿಲಿಗೆ, ಹೊಸ ಬಾವಿಯ ಗಡಗಡೆಗೆ, ಹೊಸ ತೊಟ್ಟಿಲಿಗೆ ಹಚ್ಚಿದವನು ಪಿಸ್ಟನ್‌ಗೆ ಬಿಟ್ಟಾನೆಯೇ? ಒಂದೊಂದರ ತಲೆಗೂ ಮೈಗೂ ಮೂರು ಬೆರಳಿನಲ್ಲಿ ದಪ್ಪಗೆ ಎಳೆದ. ಕೈಯಲ್ಲಿ ಉಳಿದ ಪುಡಿಯನ್ನು ಕಣ್ಣುಮುಚ್ಚಿ ಲೈನರ್‌ಗಳೊಳಗೆ ಉದುರಿಸಿದ.

ಮೇಸ್ತ್ರಿಯ ಕೈಯಲ್ಲಿ ಒರೆಸುವ ಬಟ್ಟೆ ಇತ್ತು. ಆ ಕೈ ಒಮ್ಮೆ ಮೇಲೆದ್ದು, ಹಾಗೇ ಕೆಳಗಿಳಿಯಿತು. ಅಪ್ಪ ಅತ್ತ ತಿರುಗಿದ ಮೇಲೆ ಅವ್ವನ ಹತ್ತಿರ ಬಂದು ಮೆಲ್ಲಗೆ ಅಂದರು: "ಅವ್ವಾರೆ, ಅದನ್ನ ನೀವು ಒರೆಸಿದ್ರೆ ಒಳ್ಳೇದು. ನಾನು ಮುಟ್ಟಾಕೆ ಬರಾಂಗಿಲ್ಲ."

ಅವ್ವ ನನ್ನ ಅರಿಶಿಣದ ಮುಖ ನೋಡಿದಳು. ಹಂದರ ಹಾಕಿದ ಮನೆಯಲ್ಲಿ, ಇಟ್ಟ ವಿಭೂತಿಯನ್ನು ಅಳಿಸುವ ಹೆಂಗಸು ಯಾವಳಿದ್ದಾಳೆ? ತಲೆ ಅಲ್ಲಾಡಿಸಿದಳು. ಒಂದು ಚಿಟಿಕೆ ಧೂಳಿಗೆ ಊರು ಒಂದಾಗುವಂತೆ ಕೂಗುತ್ತಿದ್ದ ಮೇಸ್ತ್ರಿ, ಬಾಯಿ ಮುಚ್ಚಿಕೊಂಡು ಎಂಜಿನ್ನನ್ನೂ ಮುಚ್ಚಿದರು.

ದಿಬ್ಬಣದ ದಿನ ಮೇಸ್ತ್ರಿಯೇ ಸ್ಟೇರಿಂಗ್ ಹಿಡಿದರು. ಊರು ಬಿಡುವಾಗ ಹೊಗೆಯಿರಲಿಲ್ಲ. ಅಪ್ಪ ಮಡ್‌ಗಾರ್ಡ್ ಮೇಲೆ ಕೂತು ದಾರಿಯಲ್ಲಿ ಹೋಗುವವರಿಗೆಲ್ಲ ಕೈ ಮುಗಿಯುತ್ತಿದ್ದ. ಹೊನ್ನಾಳಿ ಸೇತುವೆ ಏರುವಾಗ ಸೈಲೆನ್ಸರಿನಿಂದ ಸಣ್ಣದೊಂದು ನೀಲಿ ಎಳೆ ಹೊರಟಿತು. ಸೇತುವೆ ಇಳಿಯುವಷ್ಟರಲ್ಲಿ ಅದು ದಪ್ಪವಾಯಿತು. ಮೇಸ್ತ್ರಿ ಹಿಂದೆ ತಿರುಗಿ ನೋಡಲಿಲ್ಲ. ಗಂಡಿನ ಮನೆ ಮುಟ್ಟುವಾಗ ನನ್ನ ಸೆರಗು, ಅವ್ವನ ಮುಖ, ಆರತಿ ಹಿಡಿದು ನಿಂತಿದ್ದ ಹೆಂಗಸರ ಕೆಮ್ಮು, ಎಲ್ಲ ಒಂದೇ ಮೋಡದಲ್ಲಿದ್ದವು. ಸೋದರಮಾವ ಕರ್ಚೀಫು ತೆಗೆದ.

ಅಪ್ಪ ಕೆಳಗೆ ಹಾರಿ ಎಲ್ಲರ ಎದುರಿಗೆ ಕೂಗಿದ: "ಈ ಕಳ್ಳ ಹಳೇ ಸಾಮಾನು ತುಂಬಿ ಮೋಸ ಮಾಡ್ಯಾನ್ರೀ!"

ಮೇಸ್ತ್ರಿ ಎಂಜಿನ್ ಆರಿಸಿದರು. ಅವ್ವನ ಕಡೆ ಒಮ್ಮೆ ನೋಡಿದರು. ಅವ್ವ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡಳು. ಮದುವೆಯ ಊಟದ ವಾಸನೆ ಬೀದಿಗೆಲ್ಲ ಬರುತ್ತಿತ್ತು. ಅವರು ಉಣ್ಣದೆ, ಬಸ್ಸು ಹಿಡಿಯಲು ನಡೆದುಹೋದರು. ಹೊಗೆಯ ನಾಚಿಕೆ ಸ್ನಾನದಲ್ಲಿ ಹೋಯಿತು. ಗೊತ್ತಿದ್ದೂ ಬಾಯಿ ಬಿಡದ ಈ ನಾಚಿಕೆಯನ್ನು ಹೊತ್ತುಕೊಂಡೇ ನಾನು ಹಸೆಮಣೆ ಏರಿದೆ.

ಆಷಾಢಕ್ಕೆ ತವರಿಗೆ ಬಂದಾಗ ಟ್ರಾಕ್ಟರು ತಾಡಪಾಲಿನ ಕೆಳಗೆ ಮಲಗಿತ್ತು. ಮೇಸ್ತ್ರಿ ಕಳ್ಳನೆಂದು ಅಪ್ಪ ನಲ್ಲೂರಿನವರೆಗೂ ಸಾರಿಬಂದಿದ್ದನಂತೆ. ಈ ಕಡೆಯವರು ಅವರನ್ನು ಕೆಲಸಕ್ಕೆ ಕರೆಯುವುದನ್ನೇ ಬಿಟ್ಟಿದ್ದರು. ಊಟಕ್ಕೆ ಕೂತಾಗ ಅಪ್ಪ ಮತ್ತೆ ಅದೇ ಬೈಗುಳ ತೆಗೆದ. ಅವ್ವ ಸಾರಿನ ಸೌಟು ಕೆಳಗಿಟ್ಟಳು.

"ಒಳಗೆ ಬೂದಿ ಬಳಿದೋರು ಯಾರು?"

ನಮ್ಮ ಮನೆಯಲ್ಲಿ ವಿಭೂತಿಯನ್ನು ಬೂದಿ ಎಂದದ್ದು ಅದೇ ಮೊದಲು.

ಮರುದಿನ ಅಪ್ಪ ಚನ್ನಗಿರಿಗೆ ಹೋದ. ಅಲ್ಲಿ ಏನು ಹೇಳಿದನೋ, ಸಂಜೆಯೊಳಗೆ ಮೇಸ್ತ್ರಿ ನಮ್ಮ ಅಂಗಳದಲ್ಲಿದ್ದರು. ಈ ಸಲ ಬಡಾಯಿ ಇಲ್ಲ, ಕೂಗಾಟವಿಲ್ಲ. ಮತ್ತೆ ಎಂಜಿನ್ ಬಿಚ್ಚಿ, ಲೈನರೊಂದನ್ನು ಅಪ್ಪನ ಮುಂದಿಟ್ಟರು. ಒಳಮೈಗೆ ಉದ್ದುದ್ದ ಗೀರು. ರಿಂಗುಗಳ ಸಂದಿಯಲ್ಲಿ ಬೂದುಬಣ್ಣದ ಕೆಸರು. ಅಪ್ಪ ಅದರ ಮೇಲೆ ಉಗುರೆಳೆದು ನೋಡಿದ.

"ಒರೆಸ್ತೀನಿ ಅನ್ನಾಕೆ ನಿನಗೆ ಬಾಯಿ ಇರಲಿಲ್ವಾ?" ಅಂದ. ದನಿಯಲ್ಲಿ ಜೋರಿರಲಿಲ್ಲ.

"ಇತ್ತು ರೀ. ಮಗಳು ಅರಿಶಿಣ ಹಚ್ಕಂಡು ಹಂದರದ ಕೆಳಗೆ ಕೂತಿದ್ಲು."

ಊಟಕ್ಕೆ ಮುಂಚೆ ಮೇಸ್ತ್ರಿ ಕೈ ತೊಳೆಯಲೆಂದು ನೀರಿನ ಚೊಂಬು ಹಿಡಿದು ನಾನು ಅಲ್ಲೇ ನಿಂತಿದ್ದೆ. ಅಪ್ಪ ಚೊಂಬನ್ನು ನನ್ನ ಕೈಯಿಂದ ತೆಗೆದುಕೊಂಡು, ಬಗ್ಗಿ, ತಾನೇ ಅವರ ಕೈಗೆ ನೀರು ಹಾಕಿದ.