ಒಂದೇ ಮನೆ, ಎರಡು ಬಕೆಟ್

ಬೆಳಕು ಈಗಷ್ಟೇ ಹರಿಯುತ್ತಿದೆ. ಬಸ್ ಡಿಪೋದ ಹಿಂಬದಿಯ ತೊಟ್ಟಿಯ ಬಳಿ ಅತ್ತಿಗೆ ಗಾಳಿಗೆ ಬೆನ್ನು ಮಾಡಿ ನಿಂತಿದ್ದಾರೆ. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ. ನೀಲಿ ಬಕೆಟ್ಟಿಗೆ ಮೊದಲು ನೀರು, ಆಮೇಲೆ ಅಳೆದ ಬ್ಲೀಚಿಂಗ್ ಪೌಡರ್. "ಪೌಡರ್ ಮೇಲೆ ನೀರು ಸುರಿದ್ರೆ ಮುಖಕ್ಕೇ ಸಿಡಿಯುತ್ತೆ," ಎನ್ನುತ್ತ ಕೋಲಿನಿಂದ ಕದಡುತ್ತಾರೆ. ಪೌಡರಿನ ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ತೊಟ್ಟಿಗೆ ಬಗ್ಗಿಸುತ್ತಾರೆ.

ಇದು ಕುಡಿಯುವ ನೀರಲ್ಲ. ಬಸ್ ತೊಳೆದ ನೀರನ್ನೇ ಸೋಸಿ ಮತ್ತೆ ಬಸ್ಸಿಗೆ, ಶೌಚಾಲಯಕ್ಕೆ ಬಳಸುತ್ತಾರೆ. ಹಾಗಂತ ಉದಾಸೀನ ಮಾಡುವಂತಿಲ್ಲ; ಪೈಪಿನ ತುಂತುರು ತೊಳೆಯುವವರ ಮುಖ ಮೂಗಿಗೆಲ್ಲ ಬೀಳುತ್ತದೆ. ಅರ್ಧ ಗಂಟೆ ಬಿಟ್ಟು, ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಕ್ಲೋರಿನ್ ಪರೀಕ್ಷೆಯ ಔಷಧದ ಹನಿ ಬಿಡುತ್ತಾರೆ. ತಿಳಿ ಹಳದಿ ಬಂದರೆ ಸರಿ. ಬಣ್ಣ ಬಾರದಿದ್ದರೆ ಇನ್ನಷ್ಟು ಹಾಕಬೇಕು, ಗಾಢವಾದರೆ ಕಾಯಬೇಕು.

'ಅತ್ತಿಗೆ' ಎಂಬ ಹೆಸರು ಬಿದ್ದದ್ದು ನಾದಿನಿಯಿಂದ. ಅವರಿಗೂ ಇಲ್ಲೇ ಕೆಲಸ, ಶೌಚಾಲಯ ತೊಳೆಯುವುದು. ಅವರು ಕರೆದಂತೆ ಇಡೀ ಡಿಪೋ ಕರೆಯತೊಡಗಿತು. ಹೋದ ವರ್ಷ ನಾದಿನಿ ಅವಸರದಲ್ಲಿ ಅತ್ತಿಗೆಯ ಬಕೆಟ್ ಎತ್ತಿಕೊಂಡು ಹೋಗಿ, ತಳದಲ್ಲಿ ಉಳಿದ ಬ್ಲೀಚಿಂಗ್ ಮೇಲೆ ಆ್ಯಸಿಡ್ ಸುರಿದರು. ವಿಷದ ಗಾಳಿ ಎದ್ದಿತು. ಕೆಮ್ಮುತ್ತ ಬಾಗಿಲ ಬಳಿ ಕುಸಿದವರನ್ನು ಅತ್ತಿಗೆ ಬಯಲಿಗೆ ಎಳೆತಂದರು. "ಜೀವ ಬಾಯಿಗೆ ಬಂದಿತ್ತು. ಎಷ್ಟೋ ವಾರ ಕೆಮ್ಮಿದಳು. ಒಂದೊಂದು ಕೆಮ್ಮಿಗೂ ನನ್ನ ಎದೆ ಧಸಕ್ ಅಂತಿತ್ತು."

ಅಂದಿನಿಂದ ನೀಲಿ ಬಕೆಟ್ ಅತ್ತಿಗೆಯದು, ಕೆಂಪು ನಾದಿನಿಯದು. ಸಾಮಾನಿಡುವ ಕೋಣೆ ಬೇರೆ, ಬೀಗ ಬೇರೆ, ಒಂದು ಮಗ್ ಕೂಡ ಆಚೀಚೆ ಆಗುವಂತಿಲ್ಲ. ಇದನ್ನು ನೋಡಿದ ಡಿಪೋದವರು ಇಬ್ಬರದೂ ಹಾವು ಮುಂಗುಸಿ ಸಂಬಂಧ ಎಂದುಕೊಂಡರು. ಹಿರಿಯ ಡ್ರೈವರ್ ಒಬ್ಬರು ಚಹಾ ತರಿಸಿ ರಾಜಿ ಮಾಡಿಸಲು ಕೂತರು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕು, ಪುಕ್ಕಟೆ ಚಹಾ ಕುಡಿದು ಎದ್ದರು.

ಈ ತಿಂಗಳು ಹೊಸ ಮ್ಯಾನೇಜರ್ ಟೈರ್ ಇಡಲು ಒಂದು ಕೋಣೆ ಕೇಳಿದರು. ಪೌಡರನ್ನೂ ಆ್ಯಸಿಡನ್ನೂ ಒಂದೇ ಕಡೆ ಇಡಿ ಎಂದರು. ಎಂದೂ ದನಿ ಎತ್ತದ ಅತ್ತಿಗೆ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. "ಕೆಲಸದಿಂದ ಬೇಕಾದ್ರೆ ತೆಗೀರಿ ಸಾರ್, ಕೀ ಮಾತ್ರ ಕೊಡಲ್ಲ." ನಾದಿನಿಯೂ ದನಿಗೂಡಿಸಿದರು: "ನಾವಿಬ್ರೂ ಒಂದೇ ರೂಮಲ್ಲಿ ಮಲಗ್ತೀವಿ ಸಾರ್. ಈ ಡಬ್ಬಗಳು ಮಲಗೋದು ಬೇಡ." ಟೈರುಗಳು ಈಗ ಮ್ಯಾನೇಜರ್ ಕೋಣೆಯ ಹಿಂದಿನ ವರಾಂಡದಲ್ಲಿವೆ.

ನಾದಿನಿ ಹೇಳಿದ್ದು ನಿಜ. ಅತ್ತಿಗೆಯ ಗಂಡನಿಗೆ ರಾತ್ರಿ ಕಾವಲಿನ ಕೆಲಸ. ಮನೆಯಲ್ಲಿ ಇವರಿಬ್ಬರ ಹಾಸಿಗೆ ಅಕ್ಕಪಕ್ಕ. ಅಲ್ಲಾದರೂ ಜಗಳ ಇಲ್ಲವೇ ಎಂದು ಕೇಳಿದರೆ ಅತ್ತಿಗೆ ನಾದಿನಿಯತ್ತ ನೋಡಿ ನಗುತ್ತಾರೆ.

"ಮುಂಚೆ ಇವಳ ಗೊರಕೆಗೆ ಬೈತಿದ್ದೆ. ಈಗ ಅದು ಕೆಮ್ಮಿಲ್ಲದೆ ಸಲೀಸಾಗಿ ಕೇಳಿಸಿದ್ರೇನೇ ನಂಗೆ ನಿದ್ದೆ ಬರೋದು."