ಅಜಾಯಬ್ ಖಾನೆಯ ತೊಟ್ಟಿಲು

ಗಟ್ಟು ಊರಿನ ಅಮರಮ್ಮನ ಮಗ ಅಂಬೆಗಾಲಿಟ್ಟು ಹೊಸ್ತಿಲು ದಾಟುವಷ್ಟು ದೊಡ್ಡವನಾಗಿದ್ದ, ಆದರೂ ಅವನಿಗೆ ಹೆಸರಿರಲಿಲ್ಲ. ಓಣಿಯವರೆಲ್ಲ ‘ಕೂಸು’ ಎಂದೇ ಕರೆಯುತ್ತಿದ್ದರು. ಆ ಮನೆಯಲ್ಲಿ ಹುಟ್ಟಿದ ಮಕ್ಕಳನ್ನು ಗಿಳಿ ಕೆತ್ತಿದ ಸಾಗುವಾನಿ ತೊಟ್ಟಿಲಿನಲ್ಲಿ ಮಲಗಿಸಿಯೇ ಹೆಸರಿಡುವುದು. ಆ ತೊಟ್ಟಿಲು ಈಗ ಗದ್ವಾಲದ ಹಳೆಯ ದೇವಡಿಯ ದೊಡ್ಡ ಮನೆಯೊಳಗೆ, ಹಿಂದಿನ ಕಾಲದ ಸಾಮಾನು ಕೂಡಿಸಿಟ್ಟ ಅಜಾಯಬ್ ಖಾನೆಯಲ್ಲಿತ್ತು.

ಅದನ್ನು ಅಲ್ಲಿಗೆ ಕೊಟ್ಟವನು ಅಮರಮ್ಮನ ಮಾವ ದೇವೇಂದ್ರಪ್ಪನೇ. ಮದುವೆಯಾಗಿ ವರ್ಷಗಳು ಕಳೆದರೂ ಅಮರಮ್ಮನಿಗೆ ಮಕ್ಕಳಾಗಿರಲಿಲ್ಲ. “ತೂಗಾಕ ಯಾರದಾರ? ಖಾಲಿ ತೊಟ್ಟಿಲಾ ನೋಡಿ ನೋಡಿ ಸಾಕಾಗೇತಿ” ಎಂದು ಅವಳೆದುರೇ ಬಂಡಿಗೆ ಹೇರಿಸಿ ಕಳಿಸಿದ್ದ. ಮರುವರ್ಷ ಅವನು ತೀರಿಕೊಂಡ; ಅದರ ಹಿಂದೆಯೇ ಕೂಸು ಹುಟ್ಟಿತು. ಅತ್ತೆ ಶಂಕರಮ್ಮನಿಗೆ ಪದ್ಧತಿ ನಡೆದರೆ ಸಾಕಿತ್ತು. ಅಮರಮ್ಮನಿಗೆ ಮಾತ್ರ ಆ ತೊಟ್ಟಿಲನ್ನು ಒಂದು ಸಲವಾದರೂ ತನ್ನ ಕೈಯಿಂದ ತೂಗಬೇಕಾಗಿತ್ತು.

ಮೊದಲ ಸಲ ಹೋದಾಗ ಶುಕ್ರವಾರ, ಬಾಗಿಲು ಹಾಕಿತ್ತು. ಎರಡನೆಯ ಸಲ ಗಂಡಸರ ದಿನ. ಈ ಸಲ ಹೆಂಗಸರಿಗಷ್ಟೇ ಬಿಡುವ ಜನಾನಾ ದಿನ ಯಾವುದೆಂದು ಕೇಳಿಕೊಂಡು, ಕೂಸಿನ ಹೆಚ್ಚಿನ ಬಟ್ಟೆ ಗಂಟು ಕಟ್ಟಿ, ಅತ್ತೆಯನ್ನು ಬಂಡಿ ಹತ್ತಿಸಿಕೊಂಡು ಬಂದಳು. ದೇವಡಿಯ ಬಾಗಿಲಿಗೆ ಪರದೆ ಇಳಿಬಿಟ್ಟಿತ್ತು. ಒಳಗೆ ಕಾವಲಿಗೆ ಗುರುಲಿಂಗಮ್ಮ ಎಂಬ ಹೆಂಗಸು. ತೊಟ್ಟಿಲಿದ್ದ ಕೋಣೆಗೆ ಬೀಗ.

“ಕೀಲಿಕೈ ತಾಯಪ್ಪನ ಕಡೆ ಐತ್ರಿ,” ಎಂದಳು ಗುರುಲಿಂಗಮ್ಮ. “ಅಂವ ಪರದೆ ಆಚೆ ಕುಂತಾನ.”

ಅಮರಮ್ಮ ಪರದೆಯ ಹತ್ತಿರ ಹೋದಳು. “ಯಣ್ಣಾ, ಕೋಣಿ ತಗೀರಿ.”

“ಜನಾನಾ ದಿನ ಗಂಡಸು ಒಳಗ ಕಾಲಿಡಂಗಿಲ್ಲವ್ವಾ.”

“ಕೀಲಿಕೈ ಕೊಡ್ರಿ, ನಾವೇ ತಗೀತೀವಿ.”

“ಅದು ನನ್ನ ಕೈ ಬಿಟ್ಟು ಹೋಗಂಗಿಲ್ಲ. ಹುಕುಂ ಐತಿ.”

“ಹಂಗಾದ್ರ ಹೆಂಗಸ್ರು ಬಂದು ಏನ್ ನೋಡ್ಬೇಕ್ರಿ?”

“ಅಂಗಳಾ ನೋಡ್ರಿ. ಹವಾ ಛಲೋ ಐತಿ.”

“ಹವಾ ನಮ್ಮೂರಾಗ ಇಲ್ಲೇನು? ಕೂಸಿಗೆ ಮೀಸಿ ಬಂದ ಮ್ಯಾಲ ಹೆಸರಿಡ್ಲೇನು?”

ಗುರುಲಿಂಗಮ್ಮ ಕಿಸಕ್ಕನೆ ನಕ್ಕಳು. ಶಂಕರಮ್ಮ, “ನಡಿಯವ್ವಾ, ಮತ್ತ ಬರೋಣು” ಎಂದಳು. ಆ ಮಾತಿಗೇ ಅಮರಮ್ಮನ ನೆತ್ತಿ ಉರಿಯಿತು. ಪರದೆಯ ಸಂದಿಯಲ್ಲಿ ತಾಯಪ್ಪನ ತಲೆ ಕಂಡಿತು. ಅದರ ಮೇಲೆ ಬುಟ್ಟಿಯಷ್ಟು ದೊಡ್ಡ ರುಮಾಲು.

“ಯಣ್ಣಾ, ರುಮಾಲು ಬಿಚ್ರಿ. ಒಂದು ತುದಿಗೆ ಕೀಲಿಕೈ ಕಟ್ರಿ, ಇನ್ನೊಂದು ತುದಿ ನೀವೇ ಹಿಡೀರಿ. ನಿಮ್ಮ ಕೈಯಾಗ ಇದ್ದಂಗ ಆತಿಲ್ರಿ?”

“ದರೋಗಾ ಸಾಬ್ರು ಬಂದ್ರ ಬೋಳತಲಿಲೆ ಸಲಾಮ್ ಹೊಡೀಲೇನು?” ಎಂದು ಗೊಣಗುತ್ತಲೇ ಅವನು ಬಿಚ್ಚಿದ. ರುಮಾಲು ಪರದೆಯಡಿಯಿಂದ ಅಂಗಳ ಹಾದು ಬಂತು. ಬೀಗಕ್ಕೆ ಒಂದು ಮೊಳ ಕಡಿಮೆ. ಅಮರಮ್ಮ ಕೂಸನ್ನು ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿ ಅದಕ್ಕೆ ಗಂಟು ಹಾಕಿ, ಕೀಲಿಕೈಯನ್ನು ಬಟ್ಟೆಯ ತುದಿಗೆ ಕಟ್ಟಿದಳು. ಬೀಗ ತೆರೆಯಿತು.

ತೊಟ್ಟಿಲು ಇತ್ತು. ಗಿಳಿಗಳೂ ಇದ್ದವು. ಒಳಗೆ ಮಾತ್ರ ಕೋಟೆಯ ತೋಪಿನ ಕಲ್ಲುಗುಂಡುಗಳನ್ನು ಅಂಚಿನವರೆಗೂ ಪೇರಿಸಿಟ್ಟಿದ್ದರು. ಭಾರಕ್ಕೆ ಸರಪಳಿ ಜಗ್ಗಿ ತೊಟ್ಟಿಲು ನೆಲಕ್ಕೆ ಕುಳಿತುಬಿಟ್ಟಿತ್ತು.

“ಇಡಾಕ ಬ್ಯಾರೆ ಜಾಗಾ ಇರಲಿಲ್ರಿ,” ಎಂದಳು ಗುರುಲಿಂಗಮ್ಮ.

“ತಗಸ್ರಿ.”

“ಗಂಡಸ್ರು ಹೊತ್ತು ಇಟ್ಟಾರ. ತಗ್ಯಾಕೂ ಗಂಡಸ್ರೇ ಬರಬೇಕು.”

ಅಮರಮ್ಮ ಒಂದು ಗುಂಡನ್ನು ತಬ್ಬಿ ಎತ್ತಲು ನೋಡಿದಳು. ಮಿಸುಕಲಿಲ್ಲ. ಹೊರಗಿನಿಂದ ತಾಯಪ್ಪ ರುಮಾಲು ಜಗ್ಗಿದ: “ಆತೇನ್ರವ್ವಾ?”

ಶಂಕರಮ್ಮ ತಡಮಾಡಲಿಲ್ಲ. ಗುಂಡುಗಳ ಮೇಲೆ ತನ್ನ ಹೆಗಲಿನ ಕಂಬಳಿ ಹಾಸಿ ಕೂಸನ್ನು ಮಲಗಿಸಿದಳು. ಕಿವಿಯಲ್ಲಿ ‘ಕುರ್ರ್’ ಎಂದು, “ದೇವೇಂದ್ರಪ್ಪ” ಎಂದಳು. ತೊಟ್ಟಿಲು ಕೊಟ್ಟು ಕಳಿಸಿದವನ ಹೆಸರೇ. ಗುರುಲಿಂಗಮ್ಮ ಪದ್ಧತಿಯಂತೆ ಹೆಸರಿಟ್ಟ ಮುದುಕಿಯ ಬೆನ್ನಿಗೆ ಗುದ್ದಿದಳು. ಕೂಸು ಕಲ್ಲು ಒತ್ತಿ ದೇವಡಿಯೇ ಹಾರಿಹೋಗುವಂತೆ ಚೀರಿತು.

“ಆತು, ಎತ್ತಿಕೋ,” ಎಂದಳು ಅತ್ತೆ, ಮನಸ್ಸು ಹಗುರಾಗಿ.

“ತಡೀರಿ ಅತ್ತಿ.” ಅಮರಮ್ಮ ತೊಟ್ಟಿಲಿನ ಅಂಚು ಹಿಡಿದು ತೂಗಿದಳು. ಅಲುಗಲಿಲ್ಲ. ಕಾಲೂರಿ, ಹಲ್ಲು ಕಚ್ಚಿ ಇನ್ನೊಮ್ಮೆ ನೂಕಿದಳು. ಗಿಳಿಯ ಕೊಕ್ಕು ಅಂಗೈಗೆ ಒತ್ತಿ ಗುರುತು ಬಿತ್ತು, ಅಷ್ಟೆ.