ಸ್ಕ್ರೂ ಮ್ಯಾಲಿನ ನೇಲ್‌ಪಾಲಿಶ್

ಸತ್ತವರು ಬಂದ್ರು, ಕಂಡ್ರು, ಮಾತಾಡಿದ್ರು ಅಂತ ಯಾರರೆ ಹೇಳಿದ್ರ ನಾ ಅವರ ಮಾರಿ ಮುಂದನ ನಗಾಂವ. ನಲವತ್ತು ವರ್ಷ ಎಂಜಿನ್ ಬಿಚ್ಚಿ ಕಟ್ಟಿದ ಮನಶ್ಯಾ. ಕೆಟ್ಟಿದ್ದಕ್ಕೂ ಕಾರಣ ಇರತೈತಿ, ಸುದ್ದ ಆದದ್ದಕ್ಕೂ ಕಾರಣ ಇರತೈತಿ ಅಂತ ವಾದ ಮಾಡಾಂವ. ಈಗ ನಾ ಹೇಳೂದು ಕೇಳಿ ನೀವು ನಕ್ರೂ ನಂಗ ಸಿಟ್ಟಿಲ್ಲ.

ಬಾಗಲಕೋಟಿ ಹಿನ್ನೀರಿನ ದಂಡಿಗೆ ನಂದೊಂದು ತಗಡಿನ ಶೆಡ್ ಐತಿ. ದೋಣಿ ಎಂಜಿನ್ ರಿಪೇರಿ ಮಾಡತೇನಿ. ನಂಗ ಜೋಡಿ ಅಂದ್ರ ಹೆಂಡತಿ ನೀಲವ್ವ ಒಬ್ಬಾಕಿನ. ಮಕ್ಕಳಿಲ್ಲ ನಮಗ. ಬುತ್ತಿ ತಂದಾಕಿ ಅಲ್ಲೇ ಕೂತು ಕೂತು ಕೆಲಸ ಕಲ್ತಿದ್ಲು. ಹಳೇ ಎಂಜಿನ್ನಿಗೆ ಮೂರು ಕಾರ್ಬೋರೇಟರ್ ಇರತಾವು. ಗಾಳಿ ಹೋಗಾಕ ಮೂರಕ್ಕೂ ಒಂದೊಂದು ಸಣ್ಣ ಮುಚ್ಚಳ. ಮೂರೂ ಒಂದ ಹೊತ್ತಿಗೆ ತೆರೀಬೇಕು. ಒಂದು ಹಿಂದ ಉಳೀತಂದ್ರ ಎಂಜಿನ್ ಗಡಗಡ ನಡುಗಿ ನಡುನೀರಾಗ ಬಂದ್ ಬೀಳತೈತಿ. ಮೂರನ್ನೂ ಕೂಡಸಾಕ ನಡುವ ಎರಡು ಸ್ಕ್ರೂ ಇರತಾವು. ನಾ ಅವನ್ನ ತಿರುವತಿದ್ದೆ, ಅಕಿ ರಬ್ಬರ್ ನಳಗಿ ಕಿವಿಗೆ ಹಿಡಕೊಂಡು ಒಂದೊಂದರ ಉಸಿರು ಕೇಳತಿದ್ಲು. ನನ್ನ ಕಿವಿ ಎಂದೋ ಮಂದ ಆಗಿದ್ದುವು.

"ನಡುವಿನಂವ ಥೇಟ್ ನಿಮ್ಮಂಗ ನೋಡ್ರಿ, ಚಾ ಕುಡಿಯೂತನಾ ಏಳಂಗಿಲ್ಲ. ಇನ್ನೊಂದೀಟು ತಿರುವ್ರಿ... ಹಾಂ, ಸಾಕು."

ಅಕಿ ಸಾಕು ಅಂದ್ರ ಮುಗೀತು. ಸ್ಕ್ರೂ ಸಡ್ಲ ಆಗಬಾರದಂತ ಮ್ಯಾಲ ಒಂದು ಹನಿ ಕೆಂಪು ನೇಲ್‌ಪಾಲಿಶ್ ಹಚ್ಚತಿದ್ಲು. ಎಡಗೈಯಾಕಿ, ಹನಿಗೊಂದು ಸಣ್ಣ ಬಾಲ ಇದ್ದ ಇರತಿತ್ತು. ತನ್ನ ಉಗುರಿಗೆ ಒಮ್ಮೆನೂ ಹಚ್ಚಿಕೊಳ್ಳಲಿಲ್ಲ.

ಒಂದಿನ ಎದಿನೋವು ಅಂದಾಕಿ ದವಾಖಾನಿ ಮುಟ್ಟಲಿಲ್ಲ. ಮುಂದ ಒಂದು ವರ್ಷ ನಾ ಕಾರ್ಬೋರೇಟರ್ ಕೆಲಸ ಹಿಡೀಲೇ ಇಲ್ಲ. ಅಕಿ ನಳಗಿ ಮೊಳಿಗೆ ಹಂಗ ಜೋತಾಡತಿತ್ತು, ತಗೊಳ್ಳಾಕ ಕೈ ಬರತಿರಲಿಲ್ಲ.

ಆವಾಗ ದೋಣಿ ಮಲ್ಲಪ್ಪ ಎಂಜಿನ್ ಹೊತ್ತಗೊಂಡು ಬಂದ. "ಕಾಕಾ, ಇಲ್ಲ ಅನಬ್ಯಾಡ್ರಿ. ಸಂತಿ ದಿನ ಹೆಣ್ಣಮಕ್ಕಳು, ಕೂಸು ಎಲ್ಲಾ ದೋಣ್ಯಾಗ ಇರತಾರ. ನಡುನೀರಾಗ ಬಂದ್ ಬಿದ್ರ ನಾ ಏನ್ ಮಾಡ್ಲಿ?"

ಮೂರು ದಿನ ಗುದ್ದಾಡಿದೆ. ಮೂರೂ ಕೂಡಲಿಲ್ಲ. ಇದೂ ಆಗಲಿಲ್ಲಂದ್ರ ಶೆಡ್ಡಿಗೆ ಕೀಲಿ ಹಾಕೂದ ಅಂತ ಗಟ್ಟಿ ಮಾಡಿದ್ದೆ. ಮೂರನೇ ದಿನ ಮಧ್ಯಾಹ್ನ ಅವನ ದೋಣಿಗೆ ಎಂಜಿನ್ ಕಟ್ಟಿ ಒಬ್ಬನ ನೀರಿಗೆ ಹೋದೆ. ನಡುವ ಹೋಗೂದ್ರಾಗ ಎರಡು ಸಲ ಕೆಮ್ಮಿ ನಿಂತು ಬಿಡ್ತು. ಎರಡೂ ಸ್ಕ್ರೂ ಸಡ್ಲ ಮಾಡಿದೆ, ಮತ್ತ ಮೊದಲಿಂದ ಶುರು ಮಾಡಬೇಕಲ್ಲ. ಸ್ಕ್ರೂಡ್ರೈವರ್ ತೊಡಿ ಮ್ಯಾಲ ಇಟ್ಟುಕೊಂಡು ಕೂತೆ. ಸುತ್ತಲೂ ನೀರು, ಬಿಸಲು. ಒಂದು ನರಪಿಳ್ಳಿ ಇಲ್ಲ.

"ನೀಲಾ, ನೀ ಇಲ್ದ ಇದು ನನ್ನ ಕೈಲೆ ಆಗಂಗಿಲ್ಲ ನೋಡವಾ," ಅಂದೆ, ಜೋರಾಗಿನ. ಟವೆಲ್ ಮಾರಿಗೆ ಒತ್ತಿ ಹಿಡದು ಅತ್ತೆ. ಅಕಿ ಹೋದ ದಿನಾನೂ ಅಷ್ಟು ಅತ್ತಿರಲಿಲ್ಲ.

ಟವೆಲ್ ತಗದು ನೋಡಿದ್ರ ಎರಡೂ ಸ್ಕ್ರೂ ಮ್ಯಾಲ ಕೆಂಪು ಹನಿ. ಎರಡಕ್ಕೂ ಬಾಲ. ಹೆಬ್ಬಟ್ಟು ಹಚ್ಚಿದೆ, ಹಸಿ ಇತ್ತು, ಉಗುರಿಗೆ ಮೆತ್ತಿಕೊಂತು. ಸ್ಕ್ರೂ ಗಟ್ಟಿ ಕೂತಿದ್ದುವು. ಹಗ್ಗ ಜಗ್ಗಿದೆ. ಒಂದ ಸಲಕ್ಕ ಹತ್ತಿತು, ಮೂರೂ ಕೂಡೇ. ದಂಡಿಯಿಂದ ದಂಡಿಗೆ ನಾಕು ಸಲ ಓಡಿಸಿದೆ. ಒಂದ ಸಲನೂ ಕೆಮ್ಮಲಿಲ್ಲ. ಸಂತಿ ದಿನ ಮಲ್ಲಪ್ಪ ದೋಣಿ ತುಂಬ ಮಂದಿನ್ನ ದಾಟಿಸಿದ.

ಬಿಸಲಿಗೆ ತಲಿ ತಿರುಗಿ ನಾನ ಸ್ಕ್ರೂ ಬಿಗಿ ಮಾಡಿ ಮರ್ತಿರಬೇಕು ಅಂತ ನನ್ನಷ್ಟಕ್ಕ ನಾನ ಎಷ್ಟೋ ಸಲ ಅಂದುಕೊಂಡೇನಿ. ಹೌದಪಾ, ಮಾಡಿದೆ ಅಂತ ತಿಳಿ. ಬಣ್ಣ ಎಲ್ಲಿಂದ ಬಂತು? ದೋಣ್ಯಾಗ ನೇಲ್‌ಪಾಲಿಶ್ ಬಾಟ್ಲಿ ಇರಲಿಲ್ಲ. ಅವತ್ತ ಮನಿಗೆ ಓಡಿ ಹೋಗಿ ಗ್ವಾಡಿ ಮಾಡದಾಗಿನ ಅಕಿ ಬಾಟ್ಲಿ ತಗದು ನೋಡಿದೆ. ಒಳಗ ಬಣ್ಣ ಒಣಗಿ ಕಲ್ಲಾಗಿತ್ತು, ಮುಚ್ಚಳಾನ ತಿರುಗಲಿಲ್ಲ.

ಹೆಬ್ಬಟ್ಟಿನ ಬಣ್ಣ ಮಾತ್ರ ಉಳೀತು. ಆ ಕೈ ಬಣ್ಣ ತೊಳಿಯೂ ಥಿನ್ನರಿನಾಗ ಅದ್ದಲಿಲ್ಲ, ಉಗುರು ತೆಗೀಲಿಲ್ಲ. ಉಗುರು ಬೆಳದಂಗ ಬಣ್ಣ ತುದಿ ಕಡೆ ಸರೀತು. "ಏನ್ ಕಾಕಾ, ಈ ವಯಸ್ಸಿನಾಗ ನೇಲ್‌ಪಾಲಿಶ್?" ಅಂತ ಮಲ್ಲಪ್ಪ ಕಾಡಸತಿದ್ದ. ನಾನೂ ನಗತಿದ್ದೆ. ಕಡೀಕ ಒಂದಿನ ಉಗುರು ತಾನ ಮುರೀತು. ಆ ಚೂರು ಆರಿಸಿ ಬಾಟ್ಲಿ ಪಕ್ಕಕ್ಕ ಹಿಡದು ನೋಡಿದೆ. ಅದ ಕೆಂಪು. ಎರಡನೇ ಸಲ ಅಕಿನ್ನ ಕಳಿಸಿಕೊಟ್ಟಂಗಾತು ನಂಗ.